ಅಂಚು ಕೂರಿಸುವ ಕಾಗದ

ಬಟ್ಟೆಯಲ್ಲಿ ಕತ್ತರಿಸಿದ ಹೂವನ್ನೋ ಹಕ್ಕಿಯನ್ನೋ ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿಯುವ ಅಪ್ಲಿಕ್ ಕೆಲಸದಲ್ಲಿ ಕಷ್ಟವೆಲ್ಲ ಅಂಚಿನದು. ಎಳೆ ಬಿಚ್ಚಿಕೊಳ್ಳದಂತೆ ಅಂಚನ್ನು ಕಾಲು ಇಂಚಿನೊಳಗೆ ಮಡಿಸಬೇಕು. ನೇರವಿದ್ದರೆ ಬೆರಳಲ್ಲೇ ಮಡಿಸಬಹುದು. ಎಲೆಯ ಬಾಗು, ದಳದ ಚೂಪು ತುದಿ ಬಂದಾಗ ಬಟ್ಟೆ ಮಾತು ಕೇಳುವುದಿಲ್ಲ, ದುಂಡಗಿರಬೇಕಾದಲ್ಲಿ ಮೂಲೆಗಳೇಳುತ್ತವೆ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವ ಹೆಂಗಸರು ಇದಕ್ಕೊಂದು ಉಪಾಯ ಕಂಡುಕೊಂಡದ್ದು ಅಡುಗೆಮನೆಯಲ್ಲಿ.

ಫ್ರೀಜರ್ ಪೇಪರ್ ಎಂದರೆ ಅಲ್ಲಿನವರು ಮಾಂಸ ಸುತ್ತಿ ಫ್ರೀಜರಿನಲ್ಲಿಡುವ ದಪ್ಪ ಬಿಳಿ ಕಾಗದ. ದಿನಸಿ ಅಂಗಡಿಯಲ್ಲಿ ಸುರುಳಿಯಾಗಿ ಸಿಗುತ್ತದೆ. ಒಂದು ಬದಿಗೆ ತೆಳು ಪ್ಲಾಸ್ಟಿಕ್ ಲೇಪ, ಇನ್ನೊಂದು ಬದಿ ಬರಿಯ ಕಾಗದ. ಬರಿಯ ಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು ಕತ್ತರಿಸಿ, ಹೊಳಪಿನ ಬದಿಯನ್ನು ಬಟ್ಟೆಗೆ ತಾಗಿಸಿ ಹಬೆಯಿಲ್ಲದ ಇಸ್ತ್ರಿ ಒತ್ತಿದರೆ ಲೇಪ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಎಳೆದರೆ ಕಲೆಯಿಲ್ಲದೆ ಬಿಟ್ಟುಬರುತ್ತದೆ. ಅದೇ ತುಂಡನ್ನು ಮತ್ತೆ ಹಲವು ಸಲ ಅಂಟಿಸಬಹುದು. ಮೇಣದ ಕಾಗದ ಇದಕ್ಕೆ ಆಗಿಬರುವುದಿಲ್ಲ, ಇಸ್ತ್ರಿಯ ಬಿಸಿಗೆ ಮೇಣ ಬಟ್ಟೆಗಿಳಿಯುತ್ತದೆ. ಕೇಕ್ ಬೇಯಿಸುವಾಗ ಹಾಸುವ ಕಾಗದವಂತೂ ಅಂಟುವುದೇ ಇಲ್ಲ.

ಕಾಗದವನ್ನು ಬಟ್ಟೆಯ ಮೇಲ್ಮುಖಕ್ಕೆ ಅಂಟಿಸುವವರು ಅದರ ಸುತ್ತ ಸ್ವಲ್ಪ ಬಟ್ಟೆ ಬಿಟ್ಟು ಕತ್ತರಿಸಿ, ಆ ಹೆಚ್ಚುವರಿಯನ್ನು ಸೂಜಿಯ ಮೊನೆಯಿಂದ ಒಳಗೆ ತಳ್ಳುತ್ತ ಹೊಲಿಯುತ್ತಾರೆ. ಎಲ್ಲಿಯವರೆಗೆ ತಳ್ಳಬೇಕೆಂಬುದನ್ನು ಕಾಗದದ ಅಂಚೇ ತೋರಿಸುತ್ತದೆ. ಇನ್ನೊಂದು ಬಗೆಯಲ್ಲಿ ಕಾಗದ ಬಟ್ಟೆಯ ಹಿಂದೆ, ಹೊಳಪಿನ ಬದಿ ತನ್ನತ್ತ ಕಾಣುವಂತೆ ಇರುತ್ತದೆ. ಮಡಿಕೆಯನ್ನು ಅದರ ಮೇಲೆಳೆದು ಇಸ್ತ್ರಿಯ ತುದಿಯಿಂದ ಒತ್ತಿದರೆ ಅಲ್ಲೇ ಅಂಟಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಸೊಗಸಿನದು, ಹೊಲಿಗೆಗೆ ಮೊದಲೇ ಆಕಾರ ಸಿದ್ಧವಾಗಿರುತ್ತದೆ. ಆದರೆ ಹೊಲಿದಾದ ಮೇಲೆ ಹಿಂಬದಿಯ ಬಟ್ಟೆಯನ್ನು ಮಾತ್ರ ಸೀಳಿ ಚಿಮಟದಿಂದ ಕಾಗದ ಎಳೆದು ತೆಗೆಯಬೇಕು. ಒಳಬಾಗಿನ ಮಡಿಕೆಗೆ ಅಲ್ಲಲ್ಲಿ ಕತ್ತರಿ ತಾಗಿಸಬೇಕಾಗುತ್ತದೆ, ಹೊರಬಾಗಿಗೆ ಬೇಡ.

ಕಾಗದದ ಆಸರೆ ಹೊಸದೇನಲ್ಲ. ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಬಳಿ 1718ರ ರೇಷ್ಮೆಯ ಹೊದಿಕೆಯೊಂದಿದೆ. ತುಂಡುಗಳನ್ನು ಕಾಗದಕ್ಕೆ ಮಡಿಸಿ ಹೊಲಿದಿದ್ದ ಆ ಕಾಗದಗಳು ಇಂದಿಗೂ ಅದರೊಳಗಿವೆ. ಅಲ್ಲಿ ಮಡಿಕೆಯನ್ನು ನೂಲಿನಿಂದ ಕಾಗದಕ್ಕೆ ಕಟ್ಟಬೇಕಿತ್ತು. ಫ್ರೀಜರ್ ಪೇಪರಿನಲ್ಲಿ ಆ ಕೆಲಸ ಇಸ್ತ್ರಿಯದು.

ಇದರ ಬೆಲೆ ಗೊತ್ತಾಗಲು ಬಾಲ್ಟಿಮೋರ್ ಆಲ್ಬಂ ಕ್ವಿಲ್ಟ್‌ಗಳನ್ನು ನೋಡಬೇಕು. 1840ರ ದಶಕದಿಂದ 50ರ ದಶಕದವರೆಗೆ ಮೇರಿಲ್ಯಾಂಡಿನ ಆ ಬಂದರು ನಗರದ ಹೆಂಗಸರು ಹೂಮಾಲೆ, ಹಣ್ಣಿನ ಬುಟ್ಟಿ, ಹಕ್ಕಿಗಳನ್ನು ಚೌಕ ಚೌಕವಾಗಿ ಹೊಲಿದು ಜೋಡಿಸಿದರು. ಎಷ್ಟೋ ಚೌಕಗಳ ಮೇಲೆ ಶಾಯಿಯಲ್ಲಿ ಹೆಸರು ಬರೆದರು. ಒಂದು ಚೌಕದಲ್ಲೇ ಹತ್ತಾರು ಸಣ್ಣ ಬಾಗುಗಳು. ಆ ಕಲೆ ಕಾಗದವಿಲ್ಲದೆ ಅರಳಿದ್ದು ನಿಜ, ಅದಕ್ಕೆ ಬೇಕಾದ ಕೈಪಳಗುವಿಕೆ ಎಲ್ಲರಿಗೂ ಬರುವಂಥದ್ದಲ್ಲ. ಲೇಖಕಿ ಎಲಿ ಸಿಂಕೆವಿಚ್ ತಮ್ಮ ಪುಸ್ತಕಗಳಲ್ಲಿ ಆ ವಿನ್ಯಾಸಗಳನ್ನು ಮತ್ತೆ ಬಳಕೆಗೆ ತಂದಾಗ ಫ್ರೀಜರ್ ಪೇಪರಿನ ವಿಧಾನಗಳನ್ನೂ ಹೇಳಿಕೊಟ್ಟರು. 'ಬಾಲ್ಟಿಮೋರ್ ಬ್ಯೂಟೀಸ್ ಅಂಡ್ ಬಿಯಾಂಡ್' ಮೊದಲ ಸಂಪುಟ ಬಂದದ್ದು 1989ರಲ್ಲಿ. ಹೊಸಬರೂ ಆ ಹೂಮಾಲೆಗಳಿಗೆ ಕೈಹಾಕುವ ಧೈರ್ಯ ಮಾಡಿದ್ದು ಹೀಗೆ.

ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗೆ ಈ ಕಾಗದ ಬೇಕಿಲ್ಲ. ಅವರು ಹಳೆ ಬಟ್ಟೆಯ ಚೌಕ, ಪಟ್ಟಿಗಳನ್ನು ಬೆರಳಲ್ಲಿ ಮಡಿಸುತ್ತ, ಹೊರ ಅಂಚಿನಿಂದ ನಡುವಿನತ್ತ ಸಾಲು ಸಾಲಾಗಿ ಹೊಲಿಯುತ್ತ ಹೋಗುತ್ತಾರೆ. ಸೊಬಗೆಲ್ಲ ಬಣ್ಣದ ಜೋಡಣೆಯಲ್ಲಿ, ದಾರದ ಓಟದಲ್ಲಿ. ಬಾಗಿದ ಆಕಾರದ ಆಸೆ ಇರುವವರಿಗೆ ಮಾತ್ರ ಕಾಗದ. ಅಮೆರಿಕದಲ್ಲಿರುವ ಕನ್ನಡತಿಯರಿಗೆ ಅದು ಮನೆಯ ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ಕಲಿಯುವವರು ಎಲೆಯಿಂದ ಶುರುಮಾಡಲಿ: ಎರಡೂ ಮಗ್ಗುಲಿಗೆ ಸಣ್ಣ ಬಾಗು, ಎರಡೇ ಚೂಪು ತುದಿ, ಒಳಬಾಗಿನ ರಗಳೆಯಿಲ್ಲ.