ತತ್ತ್ವ ಮತ್ತು ಪ್ರತ್ಯಯ

ವ್ಯಾಕರಣವನ್ನು ಬೋಧಿಸುವವರಿಗೆ ಒಂದು ಸಂಗತಿ ಸುಪರಿಚಿತ. ‘ಕತ್ತಿಯಿಂದ ಕಡಿದನು’, ‘ಮರದಿಂದ ಬಿದ್ದನು’ ಎಂಬೆಡೆಗಳಲ್ಲಿ ಕನ್ನಡಕ್ಕೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಸಂಸ್ಕೃತದಲ್ಲಿ ಮೊದಲನೆಯದಕ್ಕೆ ತೃತೀಯೆ, ಎರಡನೆಯದಕ್ಕೆ ಪಂಚಮಿ. ಪ್ರತ್ಯಯ ಒಂದಾದ ಮಾತ್ರಕ್ಕೆ ಕರಣ, ಅಪಾದಾನಗಳ ಅರ್ಥಭೇದ ಅಳಿಯದು. ಗಣಕಯಂತ್ರದ ಭಾಷೆಗಳನ್ನು ಕಲಿಸುವವರಿಗೂ ಈ ವಿವೇಕ ಅವಶ್ಯಕ.

ದತ್ತಾಂಶವನ್ನೂ ಅದರ ಮೇಲಿನ ಕ್ರಿಯೆಗಳನ್ನೂ ಒಂದೇ ಘಟಕದಲ್ಲಿ ಕೂಡಿಸುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಪದ್ಧತಿಯ ಮೂಲವು ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅವರು ರೂಪಿಸಿದ ಸಿಮುಲಾ 67 ಭಾಷೆಯಲ್ಲಿದೆ. ಅನಂತರ ಸ್ಮಾಲ್‌ಟಾಕ್, ಪೈಥಾನ್ (1991), ಜಾವಾ (1995) ಮೊದಲಾದವು ಬಂದವು.

ಒಳವಿವರದ ಗೋಪನವು ಈ ಪದ್ಧತಿಯ ಒಂದು ತತ್ತ್ವ. ಬ್ಯಾಂಕ್ ಖಾತೆಯ ಶಿಲ್ಕನ್ನು ಹೊರಗಿನಿಂದ ನೇರವಾಗಿ ತಿದ್ದಬಾರದು. ಜಮೆ, ಖರ್ಚುಗಳ ಕ್ರಿಯೆಯ ಮೂಲಕವೇ ಅದು ಬದಲಾಗಬೇಕು. ಜಾವಾದಲ್ಲಿ ‘ಪ್ರೈವೇಟ್’ ಎಂದು ಬರೆದರೆ, ಅದನ್ನು ಹೊರಗಿನಿಂದ ಮುಟ್ಟುವ ಸಾಲನ್ನು ಕಂಪೈಲರ್ ನಿರಾಕರಿಸುತ್ತದೆ. ಸ್ಮಾಲ್‌ಟಾಕ್‌ನಲ್ಲಿ ಆಬ್ಜೆಕ್ಟಿನ ಒಳಗಿನ ಚರಗಳು ಸಹಜವಾಗಿಯೇ ಗುಪ್ತ. ಅದಕ್ಕೊಂದು ಪದವೇ ಬೇಡ. ಪೈಥಾನಿನಲ್ಲಿ ಹೆಸರಿನ ಮೊದಲಿಗೆ ಇಡುವ ಒಂದು ಅಡಿಗೆರೆ ಸಂಕೇತಮಾತ್ರ. ಅದನ್ನು ಮನ್ನಿಸುವುದು ಬರೆಯುವವರ ಶಿಸ್ತಿಗೆ ಬಿಟ್ಟದ್ದು.

ಜಾವಾ ಒಂದನ್ನೇ ಕಲಿತ ವಿದ್ಯಾರ್ಥಿಯು ‘ಪ್ರೈವೇಟ್’ ಎಂಬ ಪದವನ್ನೇ ತತ್ತ್ವವೆಂದು ಭ್ರಮಿಸಿದರೆ, ಪೈಥಾನಿನಲ್ಲಿ ಗೋಪನವೇ ಇಲ್ಲವೆಂದು ತಿಳಿದು ಶಿಲ್ಕನ್ನು ಎಲ್ಲೆಂದರಲ್ಲಿ ತಿದ್ದುವನು. ಲೆಕ್ಕ ತಪ್ಪಿದಾಗ ದೋಷ ಎಲ್ಲಿಯದೆಂದು ಅರಿಯದೆ ತೊಳಲುವನು. ಆದುದರಿಂದ ಉಪಾಧ್ಯಾಯರು ಒಂದೇ ಖಾತೆಯ ಉದಾಹರಣೆಯನ್ನು ಎರಡು ಭಾಷೆಗಳಲ್ಲಿ ಬರೆಯಿಸಿ, ಯಾವುದು ಬದಲಾಯಿತು, ಯಾವುದು ಉಳಿಯಿತು ಎಂದು ಪ್ರಶ್ನಿಸುವುದು ಉಚಿತ. ಉಳಿದುದು ತತ್ತ್ವವೆಂದೂ ಬದಲಾದುದು ಆಯಾ ಭಾಷೆಯ ಪ್ರತ್ಯಯವೆಂದೂ ಆಗ ಮಕ್ಕಳಿಗೆ ಮನವರಿಕೆಯಾಗುವುದು.