ಮಾವನ ತೆಪ್ಪದ ಸೋಲಾರ್ ಪ್ಲೇಟು



ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಚಿಗೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಬರುತ್ತದೆ. ನಮ್ಮ ಸೋದರಮಾವ ಅಲ್ಲಿ ತೆಪ್ಪದಲ್ಲಿ ಹೋಗಿ ಮೀನಿಗೆ ಬಲೆ ಬಿಡುತ್ತಾನೆ. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ಎತ್ತಬೇಕು. ದೀಪ ಇಲ್ಲದಿದ್ದರೆ ನೀರಲ್ಲಿ ಮುಳುಗಿದ ಜಾಲಿ ಗಿಡ ಕಾಣುವುದಿಲ್ಲ, ಬೇರೆ ತೆಪ್ಪದವರಿಗೆ ನಮ್ಮ ತೆಪ್ಪವೂ ಕಾಣುವುದಿಲ್ಲ. ಅದಕ್ಕೇ ಮಾವ 20 ವ್ಯಾಟಿನ ಸೋಲಾರ್ ಪ್ಲೇಟು, ಸಣ್ಣ ಬ್ಯಾಟರಿ, ಒಂದು ಎಲ್‌ಇಡಿ ಬಲ್ಬು ಜೊತೆಗೆ ಒಯ್ಯುತ್ತಾನೆ.

ದೀಪಾವಳಿ ಆದ ಮೇಲೆ ಬಲ್ಬು ಅರ್ಧ ತಾಸೂ ಉರಿಯದಂತಾಯಿತು. ಮಾವ ಹೊಸ ಬ್ಯಾಟರಿ ತಂದ. ಆಗಲೂ ಅದೇ ಕಥೆ. ಪ್ಲೇಟನ್ನು ಗುಜರಿಗೆ ಹಾಕ್ತೀನಿ ಅಂದ. ನಾನು ವಿಜ್ಞಾನದ ಸರ್ ಹತ್ತಿರ ಮಲ್ಟಿಮೀಟರ್ ಕೇಳಿ ತಂದೆ. ಪ್ಲೇಟನ್ನು ಬಿಸಿಲಿಗೆ ಇಟ್ಟು ಎರಡು ತಂತಿಗೆ ಮುಟ್ಟಿಸಿದರೆ 20 ವೋಲ್ಟ್ ತೋರಿಸಿತು. "ಮಾವಾ, ಪ್ಲೇಟು ಚಲೋ ಐತಿ" ಎಂದುಬಿಟ್ಟೆ.

ಆ ರಾತ್ರಿ ನಡು ನೀರಲ್ಲಿ ದೀಪ ಹೋಯಿತು. ಬಲೆ ಗಿಡಕ್ಕೆ ಸಿಕ್ಕಿ ಹರಿಯಿತು. ಬೆಳಗಾಗುವತನಕ ಮಾವ ತೆಪ್ಪದಲ್ಲೇ ಕುಂತಿದ್ದ. ಮನೆಗೆ ಬಂದವನೇ, "ನಿನ್ನ ಮೀಟರು ಸುಳ್ಳು ಹೇಳ್ತೈತಲೇ ಅಳಿಯಾ" ಅಂದ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಮೀಟರು ಸುಳ್ಳು ಹೇಳಿರಲಿಲ್ಲ. ನಾನೇ ಅರ್ಧ ಪರೀಕ್ಷೆ ಮಾಡಿದ್ದೆ.

ಪ್ಲೇಟಿನಲ್ಲಿ 36 ಕಪ್ಪು ಬಿಲ್ಲೆಗಳಿವೆ. ಇವೇ ಸೌರಕೋಶಗಳು, ಸಿಲಿಕಾನಿನಿಂದ ಮಾಡಿದವು. (ನಮ್ಮ ಅಣೆಕಟ್ಟು ಮುಗಿದದ್ದು 1953ರಲ್ಲಿ. ಮರುವರ್ಷವೇ ಅಮೆರಿಕದ ಬೆಲ್ ಪ್ರಯೋಗಾಲಯದವರು ಇಂಥ ಕೋಶವನ್ನು ಮಾಡಿ ತೋರಿಸಿದರು.) ಒಂದೊಂದು ಬಿಲ್ಲೆ ಸುಮಾರು ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಎಲ್ಲವನ್ನೂ ಹೂವಿನ ಸರದಂತೆ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ 20 ವೋಲ್ಟ್ ದಾಟುತ್ತದೆ.

ಆದರೆ ವೋಲ್ಟ್ ಎಂದರೆ ಒತ್ತಡ ಅಷ್ಟೇ. ಊರ ನಳದೊಳಗೆ ಕಸ ಸಿಕ್ಕಿಕೊಂಡಿದೆ ಎನ್ನಿ. ಬಾಯಿಗೆ ಬೆರಳು ಒತ್ತಿ ಹಿಡಿದರೆ ನೀರಿನ ಒತ್ತಡ ಪೂರ್ತಿ ಇರುತ್ತದೆ. ಬೆರಳು ತೆಗೆದರೆ ಬರುವುದು ಹನಿ ಹನಿ. ವೋಲ್ಟ್ ಅಳೆಯುವಾಗ ಮೀಟರು ಕರೆಂಟನ್ನು ಹೆಚ್ಚೂಕಡಿಮೆ ಎಳೆಯುವುದೇ ಇಲ್ಲ, ಅದು ಬೆರಳು ಇಟ್ಟಂತೆ. ಎಷ್ಟು ಹರಿಯುತ್ತದೆ ಎಂದು ನೋಡಲು ಆಂಪಿಯರ್ ಅಳೆಯಬೇಕು.

ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ತೂತಿಗೆ ಹಾಕಿ ಮತ್ತೆ ಪ್ಲೇಟಿಗೆ ಮುಟ್ಟಿಸಿದೆ. ಪ್ಲೇಟಿನ ಬೆನ್ನ ಮೇಲಿನ ಚೀಟಿಯಲ್ಲಿ 1.25 ಆಂಪಿಯರ್ ಎಂದು ಬರೆದಿತ್ತು. ನಮಗೆ ಬಂದದ್ದು 0.08! (ಹೀಗೆ ಆಂಪಿಯರ್ ನೋಡುವುದು ಸಣ್ಣ ಸೋಲಾರ್ ಪ್ಲೇಟಿಗೆ ಮಾತ್ರ. ಬ್ಯಾಟರಿಗೆ ಹೀಗೆ ಮುಟ್ಟಿಸಿದರೆ ತಂತಿ ಕಾದು ಸುಡುತ್ತದೆ. ಮನೆಯ ಕರೆಂಟಿನ ಹತ್ತಿರವಂತೂ ಹೋಗಲೇಬೇಡಿ.)

ಬೆನ್ನ ಮೇಲಿನ ಕರಿ ಡಬ್ಬಿ ಬಿಚ್ಚಿದೆವು. ತೆಪ್ಪದ ತಳದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದಲ್ಲ, ಅದು ತಂತಿಯ ತೂತಿನಿಂದ ಒಳಗೆ ಹೋಗಿತ್ತು. ಹುಳಿ ಹಾಕಿಟ್ಟ ತಾಮ್ರದ ತಂಬಿಗೆಯಂತೆ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ಕಿಲುಬಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ನಳದೊಳಗಿನ ಕಸ ಅಂದರೆ ಇದೇ.

ಪ್ಲೇಟಿನ ಮುಖಕ್ಕೆ ಕಂಬಳಿ ಹೊದಿಸಿ, ಕೆಟ್ಟ ತಂತಿ ಕತ್ತರಿಸಿ, ಒಳಗಿನ ತುದಿಯನ್ನು ಉಸುಕು ಕಾಗದದಿಂದ ಹೊಳೆಯುವ ಹಾಗೆ ತಿಕ್ಕಿದೆವು. ಬೆಸುಗೆ ಮಾತ್ರ ಹಗರಿಬೊಮ್ಮನಹಳ್ಳಿಯ ಟಿ.ವಿ. ರಿಪೇರಿ ಅಂಗಡಿಯಲ್ಲಿ ಹಾಕಿಸಿದೆವು. ಆಮೇಲೆ ತೂತಿಗೆ ಗೋಂದು ತುಂಬಿ ಒಂದು ದಿನ ಒಣಗಿಸಿದೆವು. ಪುಣ್ಯಕ್ಕೆ ಗಾಜು ಒಡೆದಿರಲಿಲ್ಲ. ಒಡೆದಿದ್ದರೆ ಗೋಂದು ಹಚ್ಚಿ ನೀರನ್ನು ಕೆಲವು ದಿನ ತಡೆಯಬಹುದಿತ್ತು, ಆದರೆ ಬಿರಿದ ಬಿಲ್ಲೆ ಕೂಡುವುದಿಲ್ಲ.

ಮರುದಿನ ಮಧ್ಯಾಹ್ನ ಮತ್ತೆ ಅಳೆದರೆ 1.1 ಆಂಪಿಯರ್! ಆದರೂ ನಾನು "ಚಲೋ ಐತಿ" ಅನ್ನಲಿಲ್ಲ. ಹಗಲೆಲ್ಲ ಬ್ಯಾಟರಿ ತುಂಬಿಸಿ, ರಾತ್ರಿ ಅಂಗಳದಲ್ಲಿ ಬಲ್ಬು ಹಚ್ಚಿ ಕಾಯ್ದೆವು. ನಾನು ಹನ್ನೊಂದಕ್ಕೆ ನಿದ್ದೆ ಹೋದೆ. ಅವ್ವ ಐದಕ್ಕೆ ಎದ್ದಾಗಲೂ ಉರಿಯುತ್ತಿತ್ತಂತೆ.

ಇನ್ನೊಂದು ಕಂಡುಕೊಂಡೆ. ಬ್ಯಾಟರಿ ತುಂಬುತ್ತಿರುವಾಗ ಒಂದೇ ಒಂದು ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿದರೂ ಕರೆಂಟು ಬಹಳ ಇಳಿಯುತ್ತದೆ, ಏಕೆಂದರೆ ಎಲ್ಲವೂ ಒಂದೇ ಸರದಲ್ಲಿವೆ. ಮಾವ ಪ್ಲೇಟಿನ ಮೇಲೆಯೇ ಬಲೆ ಒಣಹಾಕುತ್ತಿದ್ದ! ಈಗ ಪ್ಲೇಟನ್ನು ನೀರು ತಾಗದಂತೆ ಎತ್ತರಕ್ಕೆ ಕಟ್ಟಿದ್ದಾನೆ. ಬಲೆಗೆ ಬೇರೆ ಜಾಗ ಮಾಡಿದ್ದಾನೆ.

ಸರ್, ಮಲ್ಟಿಮೀಟರನ್ನು ಸೋಮವಾರ ವಾಪಸ್ ತರುತ್ತೇನೆ. ಭಾನುವಾರ ಇನ್ನೊಂದು ಸಲ ಅಳೆಯುವುದಿದೆ.