ಸರೋವರಕ್ಕೆ ಬೇಕಂತಲೇ ಪಾದರಸ ಹಾಕಿದ ವಿಜ್ಞಾನಿಗಳು: ಮೀನುಗಳು ಕೊಟ್ಟ ಉತ್ತರವೇನು?

ಸುತ್ತ ಬರೀ ಕಾಡು, ಹತ್ತಿರದಲ್ಲಿ ಒಂದು ಫ್ಯಾಕ್ಟರಿಯೂ ಇಲ್ಲದ ಒಂದು ಸಣ್ಣ ಸರೋವರ. ಅಂಥ ಸರೋವರಕ್ಕೆ ವಿಜ್ಞಾನಿಗಳೇ ಹೋಗಿ, ಏಳು ವರ್ಷ, ಬೇಕಂತಲೇ ಪಾದರಸ ಹಾಕಿದರು ಅಂದ್ರೆ ನಂಬ್ತೀರಾ? ನಂಬಲೇಬೇಕು. ಅದೂ ಸುಮ್ಮನೆ ಮಾಡಿದ್ದಲ್ಲ. ನಾವು ತಿನ್ನೋ ಮೀನಿಗೂ, ನಮ್ಮ ಮನೆಗೆ ಬರೋ ಕರೆಂಟಿಗೂ ಸಂಬಂಧಪಟ್ಟ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಮಾಡಿದ್ದು. ಇವತ್ತಿನ ಎಪಿಸೋಡ್‌ನಲ್ಲಿ ಆ ಪ್ರಯೋಗದ ಕಥೆ.

ಪ್ರಶ್ನೆ ಏನಾಗಿತ್ತು?

ಕಲ್ಲಿದ್ದಲಿನಲ್ಲಿ ಪಾದರಸ ಅತಿ ಕಡಿಮೆ ಪ್ರಮಾಣದಲ್ಲಿ ಇರುತ್ತೆ. ಕಲ್ಲಿದ್ದಲು ಸುಟ್ಟಾಗ ಅದು ಆವಿಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತೆ. ಗಾಳಿಯಲ್ಲಿ ತಿಂಗಳುಗಟ್ಟಲೆ ಸುತ್ತಾಡಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಮಳೆಯ ಜೊತೆ ಕೆಳಗಿಳಿಯಬಹುದು. ಅದಕ್ಕೇ ಒಂದು ಕಾರ್ಖಾನೆಯೂ ಇಲ್ಲದ ಜಾಗದ ಮೀನಿನಲ್ಲೂ ಪಾದರಸ ಸಿಗೋದು.

ಹಾಗಾದರೆ ಚಿಮಣಿಗೆ ಫಿಲ್ಟರ್ ಹಾಕಿದರೆ ಮೀನು ಸರಿಹೋಗುತ್ತಾ? ಇಲ್ಲೇ ವಾದ ಇದ್ದದ್ದು. ನೂರಾರು ವರ್ಷಗಳಿಂದ ಬಿದ್ದ ಪಾದರಸ ಮಣ್ಣಲ್ಲಿ, ಕೆಸರಲ್ಲಿ ಕೂತಿದೆ. ಹೊಸದನ್ನು ನಿಲ್ಲಿಸಿದರೂ ಹಳೆಯದು ಸೋರುತ್ತಲೇ ಇದ್ದರೆ, ಕೋಟಿಗಟ್ಟಲೆ ಖರ್ಚು ಮಾಡಿ ಏನು ಪ್ರಯೋಜನ? ಇದು ಲ್ಯಾಬ್‌ನ ಗಾಜಿನ ತೊಟ್ಟಿಯಲ್ಲಿ ಬಗೆಹರಿಯುವ ಪ್ರಶ್ನೆ ಅಲ್ಲ. ಇಡೀ ಸರೋವರವೇ ಬೇಕು.

ಬೆಳ್ಳಿ ಹನಿಯಿಂದ ವಿಷದ ಮೀನಿನವರೆಗೆ

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಥರ್ಮಾಮೀಟರ್ ಒಡೆದಾಗ ಉರುಳಾಡುವ ಬೆಳ್ಳಿ ಹನಿಯೂ ಮೀನಿನೊಳಗಿನ ಪಾದರಸವೂ ಒಂದೇ ರೂಪದಲ್ಲಿರಲ್ಲ. ಸರೋವರದ ತಳದ ಕೆಸರು, ಜೌಗು ನೆಲ – ಆಮ್ಲಜನಕ ಇಲ್ಲದ ಇಂಥ ಕಡೆ ಕೆಲವು ಬ್ಯಾಕ್ಟೀರಿಯಾಗಳಿವೆ. ಅವು ಪಾದರಸವನ್ನು 'ಮೀಥೈಲ್ ಪಾದರಸ'ವಾಗಿ ಬದಲಾಯಿಸುತ್ತವೆ. ಈ ರೂಪ ಜೀವಿಗಳ ದೇಹಕ್ಕೆ ಸುಲಭವಾಗಿ ಸೇರುತ್ತೆ, ಆದರೆ ಅಷ್ಟು ಸುಲಭವಾಗಿ ಹೊರಗೆ ಹೋಗಲ್ಲ.

ಮುಂದಿನದು ಚಕ್ರಬಡ್ಡಿ ಲೆಕ್ಕ. ನೀರಿನಿಂದ ಪಾಚಿಗೆ, ಪಾಚಿಯಿಂದ ಸಣ್ಣ ಹುಳುಗಳಿಗೆ, ಹುಳುಗಳಿಂದ ಮರಿ ಮೀನಿಗೆ, ಮರಿ ಮೀನಿನಿಂದ ದೊಡ್ಡ ಮೀನಿಗೆ. ಒಂದೊಂದು ಮೆಟ್ಟಿಲಿಗೂ ಸಾಂದ್ರತೆ ಏರುತ್ತಾ ಹೋಗುತ್ತೆ. ಕೊನೆಗೆ ಬೇಟೆಯಾಡುವ ದೊಡ್ಡ ಮೀನಿನಲ್ಲಿ ಅದು ನೀರಿನಲ್ಲಿರೋದಕ್ಕಿಂತ ಹತ್ತು ಲಕ್ಷ ಪಟ್ಟು ಅಥವಾ ಅದಕ್ಕೂ ಹೆಚ್ಚು ಇರಬಹುದು. ಮೀನಿನ ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ತೊಳೆದರೂ ಹೋಗಲ್ಲ, ಹುರಿದರೂ ಹೋಗಲ್ಲ.

ಸರೋವರ ನಂಬರ್ 658

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯುವ್ಯ ಮೂಲೆಯಲ್ಲಿ 'ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ' ಅಂತ ಒಂದು ಪ್ರದೇಶ ಇದೆ. 1968ರಿಂದ ಅಲ್ಲಿನ ಹತ್ತಾರು ಸರೋವರಗಳು ಸಂಶೋಧನೆಗೆಂದೇ ಮೀಸಲು. ಬಹುತೇಕ ಸರೋವರಗಳನ್ನು ಕರೆಯೋದು ನಂಬರಿನಿಂದ. ನಮ್ಮ ಕಥೆಯದು 658, ವಿಸ್ತೀರ್ಣ ಸುಮಾರು 8 ಹೆಕ್ಟೇರ್.

ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳ ತಂಡ 2001ರಿಂದ 2007ರವರೆಗೆ ಇಲ್ಲಿಗೆ ಪಾದರಸ ಹಾಕಿತು. ಎಷ್ಟು? ಇಡೀ ಸರೋವರದ ನೀರಿಗೆ ವರ್ಷಕ್ಕೆ ಸುಮಾರು 2 ಗ್ರಾಂ. ಕೆಲವೇ ಥರ್ಮಾಮೀಟರ್‌ಗಳಲ್ಲಿ ಇರುವಷ್ಟು! ಮಾಲಿನ್ಯ ಹೆಚ್ಚಿರುವ ಊರುಗಳಲ್ಲಿ ಮಳೆಯ ಜೊತೆ ಬೀಳುವಂಥ ಪ್ರಮಾಣವನ್ನೇ ಇಲ್ಲಿ ಅನುಕರಿಸಿದ್ದು.

ಇದರಲ್ಲಿ ಒಂದು ಜಾಣತನ ಇತ್ತು. ಪಾದರಸಕ್ಕೆ ಹಲವು ಐಸೊಟೋಪ್‌ಗಳಿವೆ. ಗುಣ ಒಂದೇ, ತೂಕ ಮಾತ್ರ ಚೂರು ಬೇರೆ. ತಂಡ ಸರೋವರದ ನೀರಿಗೆ ಒಂದು ಐಸೊಟೋಪ್, ಪಕ್ಕದ ಜೌಗಿಗೆ ಇನ್ನೊಂದು, ಸುತ್ತಲಿನ ಕಾಡಿಗೆ ಮತ್ತೊಂದು ಹಾಕಿತು. ನೀರಿಗೆ ದೋಣಿಯಿಂದ, ಕಾಡಿಗೆ ಸಣ್ಣ ವಿಮಾನದಿಂದ. ಮೂರಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ ಬಿಟ್ಟ ಹಾಗೆ. ಆಮೇಲೆ ಮೀನು ಹಿಡಿದು ನೋಡಿದರೆ, ಅದರೊಳಗಿನ ಪಾದರಸ ಎಲ್ಲಿಂದ ಬಂತು, ಹಳೆಯದಾ ಹೊಸದಾ ಅಂತ ಗೊತ್ತಾಗುತ್ತೆ.

ಮೀನು ಹೇಳಿದ್ದು

ಮೊದಲ ಉತ್ತರ 2007ರಲ್ಲಿ ಬಂತು. ನೀರಿಗೆ ನೇರವಾಗಿ ಹಾಕಿದ ಪಾದರಸ ಬೇಗನೆ ಮೀನಿನಲ್ಲಿ ಕಾಣಿಸಿಕೊಂಡಿತ್ತು. ಕಾಡಿಗೆ, ಜೌಗಿಗೆ ಹಾಕಿದ್ದು? ಮೊದಲ ಮೂರು ವರ್ಷದಲ್ಲಿ ಅದರ ಶೇ 1ಕ್ಕಿಂತ ಕಡಿಮೆ ಪಾಲು ಸರೋವರ ತಲುಪಿತ್ತು. ಉಳಿದದ್ದು ಬಹುತೇಕ ಮಣ್ಣು, ಗಿಡಗಳಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅಂದ್ರೆ ಮೀನಿನ ಮಟ್ಟಿಗೆ, ಆಕಾಶದಿಂದ ನೇರ ನೀರಿಗೆ ಬೀಳುವ ಹೊಸ ಪಾದರಸ ತುಂಬಾ ಮುಖ್ಯ.

ಆಮೇಲೆ ಹಾಕೋದನ್ನು ನಿಲ್ಲಿಸಿದರು. ಇನ್ನೂ ಎಂಟು ವರ್ಷ ಮೀನು ಹಿಡಿದು ಅಳೆದರು. ಒಟ್ಟು 15 ವರ್ಷದ ಫಲಿತಾಂಶ 2021ರ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಆ 'ಬಣ್ಣ ಹಚ್ಚಿದ' ಮೀಥೈಲ್ ಪಾದರಸ ಆಹಾರ ಸರಪಳಿಯ ಕೆಳಗಿನ ಜೀವಿಗಳಲ್ಲಿ ಶೇ 91ರವರೆಗೂ ಇಳಿದಿತ್ತು. ದೊಡ್ಡ ಮೀನುಗಳಲ್ಲೂ ಗಣನೀಯ ಇಳಿಕೆ: ವೈಟ್‌ಫಿಶ್‌ನಲ್ಲಿ ಶೇ 38, ಬೇಟೆಗಾರ ಪೈಕ್ ಮೀನಿನಲ್ಲಿ ಶೇ 76.

ಇಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ಒಂದು ವಯಸ್ಸಾದ ಮೀನು ತನ್ನ ಮೈಯಲ್ಲಿರೋ ಪಾದರಸವನ್ನು ಬೇಗ ಕಳೆದುಕೊಳ್ಳಲ್ಲ. ಆದರೆ ಹೊಸದಾಗಿ ಹುಟ್ಟಿದ ಮೀನುಗಳು ಶುದ್ಧವಾದ ಆಹಾರ ತಿಂದು ಬೆಳೆಯುತ್ತವೆ. ಹಳೆಯವು ಹೋಗಿ ಹೊಸವು ಬಂದ ಹಾಗೆ ಇಡೀ ಸರೋವರದ ಮೀನು ಚೇತರಿಸಿಕೊಳ್ಳುತ್ತೆ. 'ಹಳೆಯದು ಹೇಗೂ ಇದೆ, ಈಗ ತಡೆದು ಏನು ಲಾಭ' ಅನ್ನೋ ವಾದಕ್ಕೆ ಸಿಕ್ಕ ಉತ್ತರ ಇದು. ತಡೆದರೆ ಲಾಭ ಇದೆ, ಅದೂ ನಮ್ಮ ಕಣ್ಣೆದುರಲ್ಲೇ.

ಆದರೆ ಎಲ್ಲ ಕಡೆ ಇಷ್ಟು ಸಲೀಸಲ್ಲ

ಅದೇ ವಾಯುವ್ಯ ಒಂಟಾರಿಯೊದಲ್ಲಿ ಇನ್ನೊಂದು ಕಥೆ ಇದೆ. ಡ್ರೈಡನ್ ಊರಿನ ರಾಸಾಯನಿಕ ಘಟಕವೊಂದು 1962ರಿಂದ 1970ರ ನಡುವೆ ಸುಮಾರು 9 ಟನ್ ಪಾದರಸವನ್ನು ವಾಬಿಗೂನ್ ನದಿಗೆ ಬಿಟ್ಟಿತ್ತು. ಕೆಳಗಡೆ ಗ್ರಾಸಿ ನ್ಯಾರೋಸ್ ಎಂಬ ಮೂಲನಿವಾಸಿಗಳ ಊರು. ಅವರ ಊಟವೂ ಮೀನು, ಸಂಪಾದನೆಯೂ ಮೀನು. 1970ರಲ್ಲಿ ಮೀನುಗಾರಿಕೆ ಬಂದ್ ಆಯ್ತು, ಜನರ ಕೈಯಲ್ಲಿದ್ದ ಕೆಲಸ ಹೋಯ್ತು. ವಿಷ ಬಿಡೋದು ನಿಂತ ಮೇಲೆ ಮೊದಲ ಕೆಲವು ವರ್ಷ ಮೀನಿನಲ್ಲಿ ಪಾದರಸ ಜೋರಾಗಿಯೇ ಇಳಿಯಿತು. ಆಮೇಲೆ ಇಳಿಕೆ ನಿಂತುಬಿಡ್ತು. ಯಾಕಂದ್ರೆ ಕೆಸರಿನಲ್ಲಿ ಟನ್‌ಗಟ್ಟಲೆ ಕೂತಿದೆ. ಅರ್ಧ ಶತಮಾನ ಕಳೆದರೂ ಆ ಜನರ ಹೋರಾಟ ಮುಗಿದಿಲ್ಲ.

ಅಂದ್ರೆ ಆಕಾಶದಿಂದ ಬೀಳೋದನ್ನು ಚಿಮಣಿಯಲ್ಲೇ ತಡೆಯಬಹುದು. ನೆಲಕ್ಕೆ, ನದಿಗೆ ಸುರಿದದ್ದನ್ನು ಮಾತ್ರ ಹೋಗಿ ಬಳಿದು ತೆಗೆಯಬೇಕು.

ನಮ್ಮ ಹತ್ತಿರದ ಕಥೆ

658ರಲ್ಲಿ ಪ್ರಯೋಗ ಶುರುವಾದ 2001ರಲ್ಲೇ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಫ್ಯಾಕ್ಟರಿ ಮುಚ್ಚಿತು. ಪಾದರಸ ಅಂಟಿದ ಒಡೆದ ಗಾಜು ಗುಜರಿ ಅಂಗಡಿ ಸೇರಿದ್ದನ್ನು ಸ್ಥಳೀಯರು, ಪರಿಸರ ಕಾರ್ಯಕರ್ತರು ಬಯಲಿಗೆಳೆದಿದ್ದರು. ಮುಂದೆ ನಡೆದ ಅಧ್ಯಯನದಲ್ಲಿ ಕೊಡೈ ಸರೋವರದ ನೀರು, ಕೆಸರು, ಮೀನು ಮೂರರಲ್ಲೂ ಪಾದರಸ ಪತ್ತೆಯಾಯ್ತು. ಮಾಜಿ ಕಾರ್ಮಿಕರ ಜೊತೆ ಕಂಪನಿಯ ರಾಜಿ ಒಪ್ಪಂದ ಆಗಿದ್ದು 2016ರಲ್ಲಿ. ಹದಿನೈದು ವರ್ಷ ಆದಮೇಲೆ!

ನಮ್ಮ ಕಾರವಾರದ ಹತ್ತಿರ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಸಮುದ್ರದಲ್ಲಿರುವ ಪಾದರಸದ ಬಗ್ಗೆಯೂ 1990ರಷ್ಟು ಹಿಂದೆಯೇ ಸಂಶೋಧನಾ ಲೇಖನ ಪ್ರಕಟವಾಗಿತ್ತು. ಇಂಥ ಕಾರ್ಖಾನೆಗಳಲ್ಲಿ ಪಾದರಸ ಬಳಸುವ ಹಳೆಯ ವಿಧಾನ ದೇಶದಲ್ಲಿ ಈಗ ಬಹುತೇಕ ಬದಲಾಗಿದೆ.

ಇನ್ನು ಕರೆಂಟ್ ವಿಷಯ. ರಾಯಚೂರು, ಬಳ್ಳಾರಿಯ ಸ್ಥಾವರಗಳು ಸೇರಿ ನಮ್ಮ ದೇಶದ ವಿದ್ಯುತ್ತಿನ ದೊಡ್ಡ ಪಾಲು ಬರೋದು ಕಲ್ಲಿದ್ದಲಿನಿಂದ. ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳಲ್ಲಿ ಚಿಮಣಿಯ ಪಾದರಸಕ್ಕೂ ಮಿತಿ ಹಾಕಿತು. ಆದರೆ ಆ ನಿಯಮಗಳ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಪಾದರಸ ತಡೆಯುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದಕ್ಕೂ ಭಾರತ 2018ರಲ್ಲಿ ಅನುಮೋದನೆ ಕೊಟ್ಟಿದೆ. ಜಪಾನಿನ ಮಿನಮಾಟಾ ಊರಿನಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಮೀನು ತಿಂದ ಸಾವಿರಾರು ಜನರ ನರಮಂಡಲಕ್ಕೆ ಹಾನಿಯಾಗಿತ್ತು. ಆ ಊರಿನ ಹೆಸರೇ ಒಪ್ಪಂದಕ್ಕೂ.

ಹಾಗಾದ್ರೆ ಮೀನು ತಿನ್ನಬೇಕಾ, ಬೇಡ್ವಾ?

ತಿನ್ನಿ. ಮೀನು ಒಳ್ಳೆಯ ಆಹಾರ. ಆಯ್ಕೆ ಮಾತ್ರ ನೋಡಿ ಮಾಡಿ. ಚಕ್ರಬಡ್ಡಿ ಲೆಕ್ಕ ನೆನಪಿದ್ರೆ ಸಾಕು. ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆ. ಶಾರ್ಕ್‌ನಂಥ, ಹೆಚ್ಚು ವರ್ಷ ಬದುಕುವ ದೊಡ್ಡ ಬೇಟೆಗಾರ ಮೀನುಗಳಲ್ಲಿ ಹೆಚ್ಚು. ಮೀಥೈಲ್ ಪಾದರಸ ಹೊಟ್ಟೆಯಲ್ಲಿರುವ ಮಗುವಿನ ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತೆ. ಹಾಗಾಗಿ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಣ್ಣ ಮಕ್ಕಳು ಇಂಥ ದೊಡ್ಡ ಮೀನುಗಳಿಂದ ದೂರ ಇರೋದು ಒಳ್ಳೆಯದು. ಕಾರ್ಖಾನೆಯ ನೀರು ಸೇರುವ ಕೆರೆಯ ಮೀನು ಯಾರಿಗೂ ಬೇಡ.

ಆದರೆ ಯಾವ ಮೀನು ಕೊಳ್ಳೋದು ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು. ಚಿಮಣಿಯಿಂದ ಏನು ಹೊರಗೆ ಹೋಗಬೇಕು ಅನ್ನೋದು ಸರ್ಕಾರ, ಕಂಪನಿಗಳ ಕೈಯಲ್ಲಿದೆ. ಈಗ ತಡೆದರೆ ಏನಾಗುತ್ತೆ ಅಂತ 658ರ ಮೀನುಗಳು ಎಂಟೇ ವರ್ಷದಲ್ಲಿ ತೋರಿಸಿಕೊಟ್ಟಿವೆ. ಮುಂದಿನ ಸಲ ಗಡುವು ಮುಂದೂಡಿದ ಸುದ್ದಿ ಓದಿದಾಗ ಈ ಲೆಕ್ಕ ನೆನಪಿಟ್ಕೊಳ್ಳಿ. ಎಪಿಸೋಡ್ ಇಷ್ಟ ಆದ್ರೆ, ಮೀನು ಇಷ್ಟಪಡೋ ನಿಮ್ಮ ಫ್ರೆಂಡ್ಸ್‌ಗೂ ಕಳಿಸಿ. ಮತ್ತೆ ಸಿಗೋಣ.